ಗೋಡೆಗಂಟಿದ ಬೆಂಚು, ಗಾಡಿ ಏರುವ ಮೇಜು: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಹೋಟೆಲು ಒಳಾಂಗಣ ಕುರಿತು ಒಂದು ಟಿಪ್ಪಣಿ

ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯಲ್ಲಿ, ವೀರಭದ್ರ ದೇವಾಲಯದ ಪ್ರಾಕಾರದೊಳಗೆ ನೆಲದ ಬಂಡೆಯ ಮೇಲೆ ದುಂಡನೆಯ ತಟ್ಟೆಗಳನ್ನು ಕೊರೆದಿದ್ದಾರೆ. ಒಂದೊಂದು ತಟ್ಟೆಯೊಳಗೂ ಪಲ್ಯ, ಸಾರು ಬಡಿಸಿಕೊಳ್ಳುವ ಬಟ್ಟಲುಗಳಂಥ ಸಣ್ಣ ಕುಳಿಗಳಿವೆ. ದೇವಾಲಯ ಕಟ್ಟಿದ ಶಿಲ್ಪಿಗಳು ಉಂಡ ತಟ್ಟೆಗಳಿವು ಎಂದು ಊರವರು ತೋರಿಸುತ್ತಾರೆ. ಮಂಟಪದ ಛಾವಣಿಯ ಚಿತ್ರಗಳಿಗೆ ಬಣ್ಣ ಕಲಸಿದ ಬಟ್ಟಲುಗಳಿರಬೇಕು ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ನನಗೆ ಬೇಕಾದ ಸಂಗತಿ ಉಳಿಯುತ್ತದೆ: ಕೈಯಲ್ಲಿ ಹಿಡಿದು ಒಯ್ಯಬಹುದಾದ ಪಾತ್ರೆಯನ್ನು ಇಲ್ಲಿ ನೆಲಕ್ಕೆ ಸೇರಿಸಿದ್ದಾರೆ. ಪಾತ್ರೆ ಮನುಷ್ಯನ ಬಳಿಗೆ ಬರುವುದಿಲ್ಲ, ಮನುಷ್ಯನೇ ಪಾತ್ರೆಯ ಬಳಿಗೆ ಹೋಗಿ ಕೂರಬೇಕು.

ಇದೇ ಯೋಚನೆಯ ದೊಡ್ಡ ರೂಪ ಹಂಪಿಯ ಅರಮನೆ ಪ್ರದೇಶದಲ್ಲಿದೆ. ನೀರು ಹರಿಯಲೆಂದು ಮಾಡಿದ ಕಲ್ಲಿನ ಕಾಲುವೆಯ ಎರಡೂ ಬದಿಗೆ ಚಪ್ಪಡಿಗಳನ್ನು ಸಾಲಾಗಿ ಹಾಸಿ, ಒಂದೊಂದರಲ್ಲೂ ತಟ್ಟೆ, ಬಟ್ಟಲುಗಳನ್ನು ಕೊರೆದಿದ್ದಾರೆ. ಭೋಜನಶಾಲೆ ಎಂಬ ಹೆಸರು ಈಗ ಅದಕ್ಕೆ ರೂಢಿಯಾಗಿದೆ. ಪಂಕ್ತಿ ಎಲ್ಲಿ ಕೂರಬೇಕು, ಇಬ್ಬರ ನಡುವೆ ಎಷ್ಟು ಜಾಗ ಇರಬೇಕು, ಕೈ ತೊಳೆದ ನೀರು ಎತ್ತ ಹರಿಯಬೇಕು ಎಂಬುದನ್ನೆಲ್ಲ ಕಲ್ಲುಕುಟಿಗ ಮೊದಲೇ ತೀರ್ಮಾನಿಸಿಬಿಟ್ಟಿದ್ದಾನೆ.

ಅದೇ ನಗರದಲ್ಲಿ ಇದಕ್ಕೆ ತದ್ವಿರುದ್ಧವಾದ ಪದ್ಧತಿಯೂ ಇತ್ತು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್, ಗಣಿಕೆಯರ ಬೀದಿಯಲ್ಲಿ ಮಧ್ಯಾಹ್ನದ ಹೊತ್ತು ಕಳೆದ ಮೇಲೆ ಮನೆಬಾಗಿಲುಗಳ ಮುಂದೆ ಕುರ್ಚಿ, ಪೀಠಗಳನ್ನು ತಂದಿಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅದಕ್ಕೂ ಮುನ್ನೂರು ವರ್ಷ ಹಿಂದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಆಸನವನ್ನೂ ಶಯ್ಯೆಯನ್ನೂ ರಾಜನ ಉಪಭೋಗಗಳ ಸಾಲಿಗೆ ಸೇರಿಸಿದ್ದ. ತಾಂಬೂಲ, ಚಾಮರ, ಛತ್ರಿಗಳ ಜೊತೆಯ ವಸ್ತುಗಳು ಅವು. ಹೊತ್ತು ತರುವ ಪೀಠ ಸಿರಿಯ ಗುರುತು. ಹತ್ತು ಜನ ಬಂದು ಕೂತು ಎದ್ದುಹೋಗುವ ಕಡೆ ಮಾತ್ರ ಕಲ್ಲು. ಸಾರ್ವಜನಿಕ ಊಟದ ಜಾಗದ ಇತಿಹಾಸವನ್ನು ಈ ಸೀಮೆಯಲ್ಲಿ ಹುಡುಕಹೊರಟವರು ಈ ಎರಡು ಎಳೆಗಳನ್ನು ಕಲೆಸಬಾರದು.

ಇನ್ನು ಪದಗಳ ವಿಚಾರ. ಫ್ರೆಂಚಿನಲ್ಲಿ ಪೀಠೋಪಕರಣಕ್ಕೆ ‘ಮ್ಯೂಬಲ್’, ಕಟ್ಟಡಕ್ಕೆ ‘ಇಮ್ಯೂಬಲ್’ ಎನ್ನುತ್ತಾರೆ. ಜರ್ಮನಿನ ‘ಮೋಬೆಲ್’ ಕೂಡ ಅದೇ ಲ್ಯಾಟಿನ್ ಬೇರಿನಿಂದ ಬಂದದ್ದು. ಕದಲುವುದು, ಕದಲದ್ದು ಎಂಬ ಭೇದ ಆ ಭಾಷೆಗಳಲ್ಲಿ ಹೆಸರಿನೊಳಗೇ ಕೂತಿದೆ. ನಮ್ಮ ‘ಪೀಠೋಪಕರಣ’ ಪುಸ್ತಕದ ಮಾತು. ಹೋಟೆಲಿನವರ ಬಾಯಲ್ಲಿ ಅದು ‘ಸಾಮಾನು’, ‘ಫರ್ನಿಚರ್’, ಇಲ್ಲವೇ ನೇರವಾಗಿ ‘ಟೇಬಲ್ಲು ಚೇರು’. ಆದರೆ ಕಟ್ಟಿ ಕೂರಿಸಿದ್ದಕ್ಕೆ ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ: ಜಗಲಿ, ಕಟ್ಟೆ, ಗೂಡು, ಅಟ್ಟ, ಸಜ್ಜ. ಗಡಿಯಾಚೆಯ ತೆಲುಗಿನಲ್ಲಿ ಜಗಲಿಗೆ ‘ಅರುಗು’. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಎರಡು ನುಡಿಯ ಮನೆಗಳಲ್ಲಿ ಎರಡು ಪದಗಳೂ ನಡೆಯುತ್ತವೆ. ಈ ಹೆಸರುಗಳಲ್ಲಿ ಒಂದೂ ಅಂಗಡಿಯಲ್ಲಿ ಕೊಂಡು ತರುವ ವಸ್ತುವಿನದಲ್ಲ, ಎಲ್ಲವೂ ಮನೆಯ ಅಂಗಗಳು. ಕೂರುವುದು, ಮಲಗುವುದು, ಸಾಮಾನಿಡುವುದು ಎಲ್ಲವನ್ನೂ ಗೋಡೆಯೇ ಮಾಡಿಕೊಡುತ್ತಿದ್ದ ಕಾಲದ ನುಡಿ ಇದು.

ಗೋಡೆ ಅದನ್ನೆಲ್ಲ ಮಾಡಿಕೊಡಲು ಕಾರಣ ನೆಲ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಮಳೆ. ಒಳ್ಳೆಯ ಮರ ಇಲ್ಲಿ ಬೆಳೆಯುವುದು ಕಡಿಮೆ, ತಂದ ಮರವನ್ನು ಗೆದ್ದಲು ಬಿಡುವುದಿಲ್ಲ. ಕಲ್ಲಿಗೆ ಮಾತ್ರ ಕೊರತೆಯಿಲ್ಲ. ಇಲ್ಲಿನ ಮಣ್ಣಿನ ಮಾಳಿಗೆಯ ‘ಮಿದ್ದೆ’ ಮನೆಗಳ ದಪ್ಪ ಗೋಡೆಯಲ್ಲಿ ಗೂಡು ತೆಗೆಯುವುದು ಸುಲಭ, ಬಾಗಿಲ ಎರಡು ಬದಿಗೆ ಜಗಲಿ ಎತ್ತುವುದೂ ಸುಲಭ. ಅನಂತಪುರ ಜಿಲ್ಲೆಯ ತಾಡಪತ್ರಿಯ ಸುಣ್ಣಕಲ್ಲು, ಪಕ್ಕದ ಕಡಪಾದ ಕಪ್ಪು ಕಲ್ಲು ಪದರ ಪದರವಾಗಿ ಏಳುತ್ತವೆ. ಹೆಚ್ಚು ಕೆತ್ತನೆ ಬೇಕಿಲ್ಲದೆ ಚಪ್ಪಡಿ ಸಿದ್ಧ. ದಕ್ಷಿಣ ಭಾರತದ ಅಡುಗೆಮನೆಯ ಕಟ್ಟೆ, ಗೋಡೆಯ ಶೆಲ್ಫುಗಳಿಗೆ ‘ಕಡಪಾ’ ಎಂಬ ಊರ ಹೆಸರೇ ವಸ್ತುವಿನ ಹೆಸರಾಗಿ ನಿಂತದ್ದು ಹೀಗೆ. ಬೆಂಗಳೂರಿನ ಒಳಾಂಗಣ ವಿನ್ಯಾಸಕರು ‘ಬಿಲ್ಟ್-ಇನ್’ ಎಂದು ಹೊಸದಾಗಿ ಮಾರುವ ಪದ್ಧತಿಯ ಹಳೆಯ ಸಾಮಗ್ರಿ ಹೊರಟದ್ದು ಈ ಬಂಡೆಗಳಿಂದಲೇ.

ಹಾಗಿದ್ದ ಮೇಲೆ ಇಪ್ಪತ್ತನೆಯ ಶತಮಾನದ ನಮ್ಮ ಹೋಟೆಲುಗಳು ಮರದ ಬೆಂಚು, ಮರದ ಮೇಜು, ಕುರ್ಚಿಗಳಿಂದ ತುಂಬಿದ್ದೇಕೆ? ಕಲ್ಲಿನ ಸೀಮೆಯಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಅಭಿರುಚಿ, ಆಧುನಿಕತೆ, ವಸಾಹತು ಪ್ರಭಾವ ಎಂದು ಉತ್ತರಿಸಿ ಮುಗಿಸುವುದು ರೂಢಿ. ನನ್ನ ಉತ್ತರ ಬೇರೆ: ಗೋಡೆ ಹೋಟೆಲಿನವರದಾಗಿರಲಿಲ್ಲ.

ಹೋಟೆಲು ಬಾಡಿಗೆ ಕಟ್ಟಡದ ಉದ್ಯಮವಾಗಿಯೇ ಬೆಳೆಯಿತು. ಕರಾವಳಿಯಿಂದ ಹೊರಟ ಹೋಟೆಲು ಕುಟುಂಬಗಳು ಮೈಸೂರು ಸಂಸ್ಥಾನ, ಮದ್ರಾಸ್ ಪ್ರಾಂತ್ಯಗಳ ಪೇಟೆ ಪೇಟೆಗಳಲ್ಲಿ ನೆಲೆಯೂರಿದವು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ 1924ರಲ್ಲಿ ಹುಟ್ಟಿದ್ದು ಅಂಥ ಸಹೋದರರಿಂದ. ಹಿಂದೂಪುರ, ಕಲ್ಯಾಣದುರ್ಗಗಳು 1953ರವರೆಗೂ ಮದ್ರಾಸಿನ ಆಡಳಿತದಲ್ಲಿದ್ದರೂ ವ್ಯಾಪಾರಕ್ಕೂ ಓಡಾಟಕ್ಕೂ ಬೆಂಗಳೂರೇ ಹತ್ತಿರ. ಗುಂತಕಲ್ಲು–ಬೆಂಗಳೂರು ರೈಲುಮಾರ್ಗ, ಬೆಲ್ಲ ಮತ್ತು ಹುಣಸೆಯ ಮಾರುಕಟ್ಟೆ ಎರಡೂ ಇದ್ದ ಹಿಂದೂಪುರದಲ್ಲಿ ತಿಂಡಿ ತಿನ್ನುವ ಹೊರಗಿನವರಿಗೆ ಕೊರತೆಯಿರಲಿಲ್ಲ. ಪರಊರಿನಿಂದ ಬಂದು, ಇನ್ನೊಬ್ಬರ ಕಟ್ಟಡದಲ್ಲಿ, ವ್ಯಾಪಾರ ನಡೆದರೆ ಉಂಟು ಇಲ್ಲವಾದರೆ ಮುಂದಿನ ಊರು ಎಂದುಕೊಂಡವರು ಬಂಡವಾಳವನ್ನು ಕಲ್ಲಿಗೆ ಹಾಕುವುದಿಲ್ಲ, ಗಾಡಿ ಏರಿಸಬಲ್ಲ ಬೆಂಚಿಗೆ ಹಾಕುತ್ತಾರೆ.

ಯುರೋಪಿನಲ್ಲೂ ಕಾಫಿ ಹೋಟೆಲಿನ ಕುರ್ಚಿ ಸಾಗಾಟದಿಂದಲೇ ಗೆದ್ದದ್ದು. 1859ರಲ್ಲಿ ಮಿಖಾಯೆಲ್ ಟೋನೆಟ್ ತಂದ 14ನೆಯ ಸಂಖ್ಯೆಯ ಕುರ್ಚಿ ಹಬೆಯಲ್ಲಿ ಬಾಗಿಸಿದ ಮರದ ಆರು ತುಂಡುಗಳದು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ವಿಯೆನ್ನಾದ ಕಾಫಿಮನೆಗಳಿಂದ ಮುಂಬಯಿಯ ಇರಾನಿ ಹೋಟೆಲುಗಳವರೆಗೆ ಅದೇ ಬಾಗುಮರದ ಮಾದರಿ ಹರಡಿತು. ಅದರ ಚೆಲುವನ್ನು ಹೊಗಳುವವರು ಈ ಪೆಟ್ಟಿಗೆಯ ಲೆಕ್ಕವನ್ನು ಮರೆಯುತ್ತಾರೆ.

ಕಾನೂನು ಈ ವಿಷಯದಲ್ಲಿ ಬಾಡಿಗೆದಾರನ ಕಡೆಗೇ ಇದೆ. ಇಂಗ್ಲಿಷ್ ಕಾನೂನಿನ ಹಳೆಯ ತತ್ವದ ಪ್ರಕಾರ ನೆಲಕ್ಕೆ ನೆಟ್ಟದ್ದು ನೆಲದ ಒಡೆಯನಿಗೆ ಸೇರಿದ್ದು. ಈ ದೇಶದಲ್ಲಿ ಆ ನಿಯಮ ನಡೆಯದೆಂದು ಕಲ್ಕತ್ತಾ ಹೈಕೋರ್ಟಿನ ಪೂರ್ಣಪೀಠ 1866ರಲ್ಲೇ ಹೇಳಿತು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಆ ನಿಲುವನ್ನೇ ಮುಂದುವರಿಸಿತು. ಅದರ 108ನೆಯ ಪ್ರಕರಣದಂತೆ, ಬಾಡಿಗೆದಾರ ತಾನು ನೆಲಕ್ಕೋ ಗೋಡೆಗೋ ಜೋಡಿಸಿದ್ದನ್ನು, ಜಾಗ ತನ್ನ ವಶದಲ್ಲಿರುವಾಗ, ಕಿತ್ತು ಒಯ್ಯಬಹುದು. ಷರತ್ತು ಒಂದೇ: ಜಾಗವನ್ನು ತಾನು ಪಡೆದ ಸ್ಥಿತಿಯಲ್ಲೇ ಬಿಟ್ಟುಹೋಗಬೇಕು. ಕಾಗದದ ಮೇಲೆ ಇದು ದೊಡ್ಡ ಹಕ್ಕು. ಆದರೆ ಗಾರೆಯಲ್ಲಿ ಹುದುಗಿಸಿದ ಕಡಪಾ ಚಪ್ಪಡಿಯನ್ನು ಸೀಳದಂತೆ ಎಬ್ಬಿಸುವುದು ಕಷ್ಟ. ಗೋಡೆಯ ಅಳತೆಗೆ ಕೊಯ್ದು ಮೊಳೆ ಹೊಡೆದ ಪ್ಲೈವುಡ್ಡು ಬಿಚ್ಚಿದರೆ ಸೌದೆ. ಒಯ್ಯುವ ಹಕ್ಕಿದ್ದೂ ಒಯ್ಯಲು ವಸ್ತುವೇ ಉಳಿಯುವುದಿಲ್ಲ.

ಈ ಕಷ್ಟವನ್ನೇ ಅಳತೆಗೋಲು ಮಾಡಿಕೊಂಡ ತೀರ್ಪೊಂದಿದೆ, ಅದೂ ಬೆಂಗಳೂರಿನ ಒಂದು ವ್ಯಾಜ್ಯದಿಂದ ಹುಟ್ಟಿದ್ದು. ಕ್ರಾಫ್ಟ್ ಇಂಟೀರಿಯರ್ಸ್ ಎಂಬ ಸಂಸ್ಥೆ ಮತ್ತು ಬೆಂಗಳೂರಿನ ಕೇಂದ್ರ ಅಬಕಾರಿ ಆಯುಕ್ತರ ನಡುವಿನ ಪ್ರಕರಣದಲ್ಲಿ, 2006ರಲ್ಲಿ ಸುಪ್ರೀಂ ಕೋರ್ಟು ಪೀಠೋಪಕರಣ ಎಂದರೇನು ಎಂಬುದನ್ನೇ ವಿಚಾರಿಸಬೇಕಾಯಿತು. ಮೇಜು, ಡೆಸ್ಕು, ಕುರ್ಚಿಗಳಂತೆ ಹಾಳುಮಾಡದೆ ಎತ್ತಿ ಒಯ್ಯಬಹುದಾದವು ಪೀಠೋಪಕರಣ, ಅವಕ್ಕೆ ಸುಂಕ ಉಂಟು ಎಂದಿತು ಕೋರ್ಟು. ಕಿತ್ತು ತುಂಡುಮಾಡದೆ ತೆಗೆಯಲಾಗದ ಗೋಡೆ ಕಪಾಟು, ಅಡುಗೆಮನೆಯ ಜೋಡಣೆ, ಉದ್ದದ ಕೌಂಟರುಗಳು ಸ್ಥಿರ ಸ್ವತ್ತು, ಅವು ಪೀಠೋಪಕರಣವೇ ಅಲ್ಲ. ಬಡಗಿ ಒಬ್ಬನೇ, ಹಲಗೆ ಒಂದೇ, ಅಂಟು ಒಂದೇ. ಗೋಡೆ ಮುಟ್ಟಿತೋ ಇಲ್ಲವೋ ಎಂಬುದರ ಮೇಲೆ ವಸ್ತುವಿನ ಜಾತಿಯೇ ಬದಲಾಗುತ್ತದೆ. ಒಳಾಂಗಣದ ಇತಿಹಾಸ ಬರೆಯುವವರು ವಿನ್ಯಾಸದ ಪುಸ್ತಕಗಳಷ್ಟೇ ಶ್ರದ್ಧೆಯಿಂದ ಇಂಥ ತೀರ್ಪುಗಳನ್ನೂ ಓದಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಬೇರೆಲ್ಲೂ ಇಷ್ಟು ನಿಖರವಾಗಿ ಯಾರೂ ಈ ಗೆರೆ ಎಳೆದಿಲ್ಲ.

ಕಲ್ಲು ನಿಜವಾಗಿಯೂ ಸ್ಥಿರವೇ ಎಂಬ ಮಾತನ್ನು ಇಲ್ಲಿ ಸೇರಿಸಬೇಕು. ಮಡಕಶಿರಾ ಕಡೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿನ ನುಣುಪಾದ ಕರಿಕಲ್ಲಿನ ಕಂಬಗಳು ಇಂದು ಕಾವೇರಿ ದಡದ ತಿರುವಯ್ಯಾರಿನ ದೇವಾಲಯದಲ್ಲಿ ನಿಂತಿವೆ. ಚೋಳರು ಯುದ್ಧದಲ್ಲಿ ಗೆದ್ದು ಒಯ್ದವು ಎಂದು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ಗೆದ್ದ ದೊರೆಯ ಕೈಯಲ್ಲಿ ಕಂಬವೂ ಚರಾಸ್ತಿಯೇ. ಬಾಡಿಗೆಯ ಹೋಟೆಲಿನವನಿಗೆ ಶೆಲ್ಫಿನ ಚಪ್ಪಡಿಯೂ ಕದಲದು.

ಬೆಂಚಿನ ವಿಷಯದಲ್ಲಿ ಒಡೆತನಕ್ಕಿಂತ ನೋವಿನ ಪ್ರಶ್ನೆಯೊಂದಿದೆ. ನಮ್ಮ ಗಡಿ ಸೀಮೆಯ ಹಳ್ಳಿಗಾಡಿನ ಚಹಾ ಅಂಗಡಿಗಳಲ್ಲಿ ಒಳಗಿನ ಬೆಂಚು ಒಬ್ಬರಿಗೆ, ಹೊರಗಿನ ನೆಲ ಇನ್ನೊಬ್ಬರಿಗೆ ಎಂಬ ಕಟ್ಟು ಇತ್ತು. ಲೋಟಗಳಲ್ಲೂ ಎರಡು ಬಗೆ. ಹೋಟೆಲು, ಉಪಾಹಾರ ಗೃಹಗಳಿಗೆ ಎಲ್ಲರಿಗೂ ಪ್ರವೇಶವಿರಬೇಕೆಂದು ಸಂವಿಧಾನದ 15ನೆಯ ಅನುಚ್ಛೇದ ಸಾರಿತು. 1955ರ ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ ಇನ್ನೂ ಒಳಹೊಕ್ಕು, ಹೋಟೆಲು, ಧರ್ಮಶಾಲೆ, ಮುಸಾಫಿರಖಾನೆಗಳಲ್ಲಿ ಜನರ ಬಳಕೆಗೆಂದು ಇಟ್ಟ ಪಾತ್ರೆ ಮತ್ತು ಇತರ ವಸ್ತುಗಳನ್ನು ಬಳಸದಂತೆ ತಡೆಯುವುದನ್ನೂ ಶಿಕ್ಷಾರ್ಹ ಮಾಡಿತು. ಆ ‘ಇತರ ವಸ್ತು’ಗಳಲ್ಲಿ ಬೆಂಚು ಮೊದಲನೆಯದು ಎಂದು ನಾನು ಓದುತ್ತೇನೆ. ಕದಲಿಸಬಹುದಾದ ಬೆಂಚನ್ನು ಯಾರೋ ಬರುವಾಗ ಒಳಗೆಳೆದುಕೊಳ್ಳಲೂಬಹುದು. ಬೀದಿಯ ಕಡೆಗೆ ಕಟ್ಟಿದ ಕಲ್ಲಿನ ಕಟ್ಟೆಯನ್ನು ಹಾಗೆ ಎಳೆದುಕೊಳ್ಳಲಾಗದು, ಆದರೆ ‘ನಿನ್ನ ಜಾಗ ಅಲ್ಲಿ’ ಎಂದು ತೋರಿಸುವ ಗಡಿಯಾಗಿ ಅದನ್ನು ಬಳಸಿದರು. ಕದಲುವುದು ಉದಾರ, ಕದಲದ್ದು ಕಠೋರ ಎಂದು ಸುಲಭವಾಗಿ ಹಂಚಲು ಇಲ್ಲಿ ಎಡೆಯಿಲ್ಲ. ಎರಡೂ ಮನುಷ್ಯನನ್ನು ಹೊರಗಿಡಲು ಒದಗಿವೆ, ಇದನ್ನು ಬರೆಯದೆ ಬೆಂಚಿನ ಇತಿಹಾಸ ಬರೆಯುವುದು ತಪ್ಪು.

‘ಫ್ಯಾಮಿಲಿ ರೂಮ್’ ಇದರ ತಂಗಿ. ಹೆಂಗಸರು ಹೋಟೆಲಿಗೆ ಬರತೊಡಗಿದಾಗ ಹಾಲಿನ ಒಂದು ಬದಿಗೆ ಮರದ ತಡಿಕೆ, ಅರ್ಧ ಬಾಗಿಲು ಅಥವಾ ಪರದೆ ಬಂದವು. ಹೊಸ ಹೋಟೆಲುಗಳಲ್ಲಿ ಆ ತಡಿಕೆ ಮಾಯವಾಗಿ, ಎತ್ತರದ ಬೆನ್ನಿನ ಸೋಫಾಗಳನ್ನು ಎದುರು ಬದುರಾಗಿ ನೆಲಕ್ಕೆ ಬೋಲ್ಟು ಹಾಕಿ ಕೂರಿಸುತ್ತಾರೆ. ಕೋಣೆಯ ಕೆಲಸವನ್ನು ಸೋಫಾದ ಬೆನ್ನು ವಹಿಸಿಕೊಂಡಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಇಂಡಿಯಾ ಕಾಫಿ ಹೌಸನ್ನು ಬಲ್ಲವರಿಗೆ ಎತ್ತರದ ಬೆನ್ನಿನ ಮರದ ಆಸನ, ಕಿರಿದಾದ ಮೇಜಿನ ಆ ಜೋಡಣೆ ನೆನಪಿದ್ದೀತು. ನಾಲ್ವರಿಗೆ ಅದು ಒಂದು ಪುಟ್ಟ ಮನೆ. ಐದನೆಯವರು ಬಂದರೆ ಮಾತ್ರ ಎಲ್ಲರಿಗೂ ಇಕ್ಕಟ್ಟು, ಕುರ್ಚಿ ಎಳೆದುಕೊಳ್ಳುವಂತಿಲ್ಲ.

ನೆಲಕ್ಕೆ ಕೂರಿಸಿದ ಮೇಜಿನ ನಿಜವಾದ ದೋಷ ಅದೇ: ಒಂದೇ ಅಳತೆಯ ದೇಹವನ್ನು ಅದು ಊಹಿಸಿಕೊಳ್ಳುತ್ತದೆ. ಗಾಲಿಕುರ್ಚಿಯಲ್ಲಿ ಬಂದವರಿಗೆ, ಮಂಡಿ ಮಡಿಸಲಾಗದ ಅಜ್ಜಿಗೆ, ಬಸುರಿಗೆ ಅದು ಜಾಗ ಬಿಡುವುದಿಲ್ಲ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಮೊದಲಾದ ನಿಂತು ತಿನ್ನುವ ಪದ್ಧತಿ ಕುರ್ಚಿಯನ್ನೇ ತೆಗೆದುಹಾಕಿತು. ಅಗ್ಗ, ಚುರುಕು, ಶುಚಿ ಎಲ್ಲ ನಿಜ. ಆದರೆ ನಿಲ್ಲಲಾರದವರಿಗೆ ಅಲ್ಲಿ ಏನಿದೆ? ಸಾರ್ವಜನಿಕರಿಗೆ ತೆರೆದ ಜಾಗಗಳು ಎಲ್ಲರ ಎಟುಕಿಗೂ ಸಿಗಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಯಸುತ್ತದೆ. ಪ್ರತಿ ಹೋಟೆಲಿನಲ್ಲೂ ಎರಡಾದರೂ ಮೇಜು ಕದಲುವಂಥವಿದ್ದರೆ ಅರ್ಧ ಕೆಲಸ ಆದಂತೆ. ಮಡಿಸುವ ಕುರ್ಚಿ, ಒಂದರ ಮೇಲೊಂದು ಜೋಡಿಸುವ ಪ್ಲಾಸ್ಟಿಕ್ ಕುರ್ಚಿ ನೋಡಲು ಚೆನ್ನಾಗಿಲ್ಲ ಎಂದು ಮೂಗು ಮುರಿಯುವ ವಿನ್ಯಾಸಕರು ಇದನ್ನು ಯೋಚಿಸಬೇಕು.

ವಸತಿಗೃಹದ ಕೋಣೆಗೆ ಬಂದರೆ ತೂಕ ಬೇರೆ. ಅಲ್ಲಿ ಪ್ರಶ್ನೆ ತಿಗಣೆಯದು. ಮರದ ಮಂಚದ ಕೀಲುಸಂದುಗಳಲ್ಲಿ ತಿಗಣೆ ಮನೆಮಾಡುತ್ತದೆ. ಹಳೆಯ ಮಂಚಗಳ ಗುಣವೆಂದರೆ ಬಿಸಿಲಿಗೆಳೆದು, ಕಾಲು ಬಿಚ್ಚಿ, ಕುದಿನೀರು ಸುರಿಯಬಹುದಿತ್ತು. ನವಾರಿನ ಮಂಚವಾದರೆ ಪಟ್ಟಿ ಬಿಚ್ಚಿ ಒಗೆಯಬಹುದಿತ್ತು. ಅನಂತಪುರ ಸೀಮೆಯ ಏಪ್ರಿಲ್ ಬಿಸಿಲಿನಷ್ಟು ಒಳ್ಳೆಯ ಔಷಧ ಬೇರೆ ಯಾವುದಿದೆ? ಕಟ್ಟಿಸಿ ಕೂರಿಸಿದ ಪ್ಲೈವುಡ್ ಮಂಚದ ತಲೆದಿಸೆಯ ಹಲಗೆ ಗೋಡೆಗೆ ಅಂಟಿರುತ್ತದೆ, ಅದರ ಹಿಂದಿನ ಕತ್ತಲೆಗೆ ಬಿಸಿಲೂ ಹೋಗದು, ಪೊರಕೆಯೂ ಹೋಗದು. ಕಸ ಗುಡಿಸುವವರಿಗೆ ಮಂಚದ ಕೆಳಗೆ ಬಗ್ಗುವ ಕಷ್ಟ ತಪ್ಪುತ್ತದೆ, ನಿಜ. ಕೋಣೆ ಚಿಕ್ಕದಾದರೂ ಗೋಡೆ ಕಪಾಟು ಜಾಗ ಉಳಿಸುತ್ತದೆ, ಅದೂ ನಿಜ. 2019ರಲ್ಲಿ ಪೆನುಕೊಂಡದ ಬಳಿಯ ಎರ್ರಮಂಚಿಯಲ್ಲಿ ಕಿಯಾ ಕಾರು ಕಾರ್ಖಾನೆ ಉತ್ಪಾದನೆ ತೊಡಗಿದ ಮೇಲೆ ಅಲ್ಲಿನ ಹೆದ್ದಾರಿಯಲ್ಲಿ ತಂಗುವವರು ವಾರಗಟ್ಟಲೆ ಇರುವ ಉದ್ಯೋಗಸ್ಥರು, ಒಂದು ರಾತ್ರಿಯ ಯಾತ್ರಿಕರಲ್ಲ. ಅಂಥವರಿಗೆ ಕಪಾಟು, ಬರೆಯುವ ಮೇಜು ಬೇಕು. ನನ್ನ ಅಭಿಪ್ರಾಯದಲ್ಲಿ ಕಪಾಟು ಗೋಡೆಯೊಳಗಿರಲಿ, ಮಂಚ ಮಾತ್ರ ನಾಲ್ಕು ಕಾಲಿನ ಮೇಲೆ ಬೇರೆಯಾಗಿ ನಿಲ್ಲಲಿ.

ಕಲ್ಯಾಣದುರ್ಗದ ದಾರಿ ಇಷ್ಟು ದೂರ ಬಂದಿಲ್ಲ. ಕಡಲೆಕಾಯಿ ನಂಬಿದ ಒಣನೆಲ ಅದು. ಬಹುಕಾಲ ರೈಲಿಲ್ಲದೆ ಇದ್ದ ಊರಿಗೆ ರಾಯದುರ್ಗ–ತುಮಕೂರು ಹೊಸ ಮಾರ್ಗದ ರೈಲು ಬಂದದ್ದು ಇತ್ತೀಚೆಗೆ. ಬಿತ್ತನೆ, ಒಕ್ಕಣೆಗಳ ಜೊತೆ ಗಿರಾಕಿ ಏರಿ ಇಳಿಯುವ ಇಂಥ ಪೇಟೆಗಳಲ್ಲಿ ಬೆಂಚೇ ಸರಿಯಾದ ಸಾಧನ. ಸಂತೆಯ ದಿನ ರಸ್ತೆಯವರೆಗೆ ಚಾಚುತ್ತದೆ, ಉಳಿದ ದಿನ ಗೋಡೆಗೊರಗುತ್ತದೆ.

ಕೊನೆಯದಾಗಿ ಅಡುಗೆಮನೆ. ಇದುವರೆಗಿನ ಬರಹಗಳು ಊಟದ ಹಾಲನ್ನಷ್ಟೇ ನೋಡಿದ್ದರಿಂದ ಒಂದು ಸಂಗತಿ ಕಣ್ತಪ್ಪಿದೆ. ಹಳೆಯ ಹೋಟೆಲಿನಲ್ಲಿ ಸ್ಥಿರವಾದದ್ದೆಲ್ಲ ಒಳಗಿತ್ತು: ಮಣ್ಣು ಮೆತ್ತಿ ಕಟ್ಟಿದ ಸೌದೆ ಒಲೆ, ನೆಲದಲ್ಲಿ ಹೂತ ಒರಳು, ನೀರಿನ ತೊಟ್ಟಿ. ಹೊರಗಿನ ಹಾಲಿನದೆಲ್ಲ ಚರ: ಬೆಂಚು, ಮೇಜು, ಗಲ್ಲಾಪೆಟ್ಟಿಗೆ. 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ವಿದ್ಯುತ್ ಒರಳು ಬಂತು, ಮುಂದೆ ಗ್ಯಾಸ್ ಸಿಲಿಂಡರು, ಕಬ್ಬಿಣದ ಚೌಕಟ್ಟಿನ ಒಲೆಗಳು ಬಂದವು. ಅಡುಗೆಮನೆ ಕಾಲು ಪಡೆಯಿತು. ಅದೇ ಹೊತ್ತಿಗೆ ಹಾಲಿನಲ್ಲಿ ಗ್ರಾನೈಟ್ ಮೇಜು, ಬೋಲ್ಟು ಹಾಕಿದ ಸ್ಟೂಲು, ಗೋಡೆಗಂಟಿದ ಸೋಫಾ, ಸಿಮೆಂಟಿನ ಕೌಂಟರು ಬೇರೂರಿದವು. ಒಳಗಿನದೂ ಹೊರಗಿನದೂ ಸ್ಥಾನ ಬದಲಿಸಿಕೊಂಡವು.

ಹೋಟೆಲು ಖಾಲಿ ಮಾಡುವ ದಿನ ನಿಂತು ನೋಡಿದರೆ ಇದು ಎದ್ದು ಕಾಣುತ್ತದೆ. ಹಿಂದೆ ಎತ್ತಿನ ಗಾಡಿಗೆ ಬೆಂಚುಗಳೂ ಮೇಜುಗಳೂ ಏರುತ್ತಿದ್ದವು, ಒಲೆಯೂ ಒರಳೂ ಮುಂದೆ ಬರುವವರಿಗಾಗಿ ಅಲ್ಲೇ ಉಳಿಯುತ್ತಿದ್ದವು. ಈಗ ಟೆಂಪೋದಲ್ಲಿ ಗ್ರೈಂಡರು, ಒಲೆ, ಇಡ್ಲಿ ಸ್ಟೀಮರು, ಫ್ರಿಜ್ಜು ಹೋಗುತ್ತವೆ. ಮೇಜುಗಳು ಬಾಗಿಲು ಹಾಕಿದ ಹಾಲಿನಲ್ಲಿ ಸಾಲಾಗಿ ನಿಂತಿರುತ್ತವೆ, ಮುಂದಿನ ಬಾಡಿಗೆದಾರ ಅವುಗಳ ಎತ್ತರಕ್ಕೆ ಹೊಂದುವ ವ್ಯಾಪಾರವನ್ನೇ ಹುಡುಕಿಕೊಂಡು ಬರಬೇಕು.